ಹದಿಮೂರು ಪುಸ್ತಕ ಸಾಕಾ? ಪಿಯು ವಿಜ್ಞಾನದ ಎನ್‌ಸಿಇಆರ್‌ಟಿ ಸೆಟ್, ಶಿರಸಿ-ಕಾರವಾರದ ಮನೆಗಳ ಲೆಕ್ಕದಲ್ಲಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಿಂದ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಮಾಣಿಯನ್ನು ಮಂಗಳೂರು ಕಡೆ ಹಾಸ್ಟೆಲ್ಲಿಗೆ ಹಾಕುವುದೋ, ಹುಬ್ಬಳ್ಳಿಗೆ ಕಳಿಸುವುದೋ, ಶಿರಸಿಯಲ್ಲೋ ಕುಮಟೆಯಲ್ಲೋ ಸೇರಿಸಿ ಮನೆಯಿಂದಲೇ ಓಡಾಡಿಸುವುದೋ. ಹೊರಗೆ ಕಳಿಸುವವರು ಕೊಡುವ ಕಾರಣಗಳಲ್ಲಿ ಒಂದು, "ಅಲ್ಲಿ ಸ್ಟಡಿ ಮೆಟೀರಿಯಲ್ ಚೆನ್ನಾಗಿ ಕೊಡ್ತಾರೆ" ಎಂಬುದು. ಉಳಿದ ಕಾರಣಗಳು ಅವರವರ ಮನೆಗೆ ಬಿಟ್ಟದ್ದು. ಈ ಮೆಟೀರಿಯಲ್ ಎಂಬ ಕಾರಣವನ್ನು ಮಾತ್ರ ಪುಸ್ತಕ ಬಿಚ್ಚಿ ನೋಡಬಹುದು. ಆದ್ದರಿಂದ ಈ ವಿಮರ್ಶೆ ಯಾವ ಕೋಚಿಂಗಿನದೂ ಅಲ್ಲ, ಎಲ್ಲರ ಮನೆಯ ಕಪಾಟಿನಲ್ಲಿರುವ ಪಠ್ಯಪುಸ್ತಕಗಳದ್ದು.

ಪಿಸಿಎಂಬಿ ತೆಗೆದುಕೊಂಡವರಿಗೆ ಎರಡು ವರ್ಷಕ್ಕೆ ಒಟ್ಟು 13 ಪುಸ್ತಕ. ಭೌತಶಾಸ್ತ್ರ 4, ರಸಾಯನಶಾಸ್ತ್ರ 4, ಗಣಿತ 3 (ಪ್ರಥಮ ವರ್ಷಕ್ಕೆ ಒಂದೇ ಸಂಪುಟ), ಜೀವಶಾಸ್ತ್ರ 2. ಕರ್ನಾಟಕದ ಪಿಯು ವಿಜ್ಞಾನಕ್ಕೆ 2012-13ರಿಂದ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಪಠ್ಯವೇ ಇರುವುದರಿಂದ ಬೋರ್ಡ್ ಪರೀಕ್ಷೆಗೊಂದು, ಪ್ರವೇಶ ಪರೀಕ್ಷೆಗೊಂದು ಅಂತ ಬೇರೆ ಮೂಲ ಪುಸ್ತಕ ಹುಡುಕಬೇಕಿಲ್ಲ.

ಯಾವ ಪುಸ್ತಕ ಎಷ್ಟು ಸಾಕು ಎನ್ನುವುದು ಯಾವ ಬಾಗಿಲು ತಟ್ಟುತ್ತೀರಿ ಎಂಬುದರ ಮೇಲಿದೆ. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೂ ಶಿರಸಿಯ ಅರಣ್ಯ ಕಾಲೇಜಿಗೂ ಸಿಇಟಿ. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ನೀಟ್. ಸುರತ್ಕಲ್ಲಿನ ಎನ್‌ಐಟಿಕೆಗೆ ಜೆಇಇ ಮೇನ್, ಧಾರವಾಡದ ಐಐಟಿಗೆ ಅದರ ಮೇಲೆ ಅಡ್ವಾನ್ಸ್ಡ್. ವಿಜ್ಞಾನ ಶಿಕ್ಷಣ-ಸಂಶೋಧನೆಯ ಕೇಂದ್ರ ಸಂಸ್ಥೆಗಳಾದ ಐಸರ್‌ಗಳಿಗೆ ಅವುಗಳದೇ ಪ್ರವೇಶ ಪರೀಕ್ಷೆ, ಐಎಟಿ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಸಿಇಟಿಗೆ ಈ ಸೆಟ್ ಸಾಕು. ನೀಟ್‌ಗೆ ಮುಕ್ಕಾಲು ಭಾಗ ಸಾಕು, ಉಳಿದ ಕಾಲು ಭಾಗ ಎಲ್ಲಿದೆ ಎಂದು ಗೊತ್ತಿರಬೇಕು. ಜೆಇಇ ಮೇನ್‌ಗೆ ಅರ್ಧ. ಅಡ್ವಾನ್ಸ್ಡ್‌ಗೆ ಇದು ಬರೀ ಪಂಚಾಂಗ, ಕಟ್ಟಡ ಬೇರೆಯೇ ಕಟ್ಟಬೇಕು.

ಜೀವಶಾಸ್ತ್ರದಿಂದ ಶುರು ಮಾಡೋಣ, ಹೊಗಳುವುದಕ್ಕೆ ಇದೇ ಸುಲಭ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಇದರದ್ದು. ಪಾಠ ಕಡಿಮೆ ಮಾಡಿದ ಹೊಸ ಆವೃತ್ತಿಯಲ್ಲಿ ಪ್ರಥಮ ವರ್ಷಕ್ಕೆ 19, ದ್ವಿತೀಯಕ್ಕೆ 13 ಅಧ್ಯಾಯ. ಪುಸ್ತಕದ ಒಂದೊಂದು ವಾಕ್ಯವೂ ಪ್ರಶ್ನೆಯಾಗಬಲ್ಲದು. ಚಿತ್ರದ ಕೆಳಗಿನ ಸಾಲು, ಕೋಷ್ಟಕದ ಮೂಲೆಯ ಉದಾಹರಣೆ ಕೂಡ. ಆದರೆ ಬಾಯಿಪಾಠ ಮಾಡುವವರು ಎಡವುವ ಜಾಗವನ್ನೂ ಈ ಪುಸ್ತಕವೇ ಇಟ್ಟಿದೆ. ದ್ವಿತೀಯ ವರ್ಷದ ಅನುವಂಶೀಯತೆಯ ಅಣ್ವಿಕ ಆಧಾರದ ಪಾಠ ತೆಗೆಯಿರಿ. ಮೊದಲಲ್ಲೇ ನಾಲ್ಕು ಸಂಖ್ಯೆ ಬರುತ್ತವೆ: ಫೈ ಎಕ್ಸ್ 174 ಬ್ಯಾಕ್ಟೀರಿಯೋಫೇಜ್‌ಗೆ 5386 ನ್ಯೂಕ್ಲಿಯೋಟೈಡ್, ಲ್ಯಾಮ್ಡಾ ಫೇಜ್‌ಗೆ 48502 ಬೇಸ್ ಜೋಡಿ, ಇ. ಕೋಲಿಗೆ 4.6 × 10⁶, ಮನುಷ್ಯನ ಹ್ಯಾಪ್ಲಾಯ್ಡ್ ಡಿಎನ್ಎಗೆ 3.3 × 10⁹. ಮೊದಲನೆಯದಕ್ಕೆ ಮಾತ್ರ 'ಬೇಸ್ ಜೋಡಿ' ಎಂದಿಲ್ಲ, ಏಕೆಂದರೆ ಅದು ಒಂಟಿ ಎಳೆ. ಆಯ್ಕೆಗಳಲ್ಲಿ ಕೈಕೊಡುವುದು ಇಂಥದ್ದೇ. ಮುಂದೆ ಅದೇ ಪಾಠ, ಇ. ಕೋಲಿಯ ಡಿಎನ್ಎ ಉದ್ದ 1.36 ಮಿ.ಮೀ. ಆದರೆ ಬೇಸ್ ಜೋಡಿ ಎಷ್ಟು ಎಂದು ಕೇಳುತ್ತದೆ. ಎರಡು ಜೋಡಿಯ ನಡುವಿನ ಅಂತರ 0.34 ನ್ಯಾನೋಮೀಟರ್, ಭಾಗಿಸಿದರೆ ಸರಿಯಾಗಿ 4 × 10⁶. ಮೊದಲು ಹೇಳಿದ್ದು 4.6! ಲೆಕ್ಕ ಮಾಡಿದ ಮಕ್ಕಳು ತಮ್ಮದೇ ತಪ್ಪೆಂದು ಮೂರು ಸಲ ಅಳಿಸಿ ಬರೆಯುತ್ತಾರೆ. ತಪ್ಪು ಅವರದಲ್ಲ. ಉದ್ದ ಕೊಟ್ಟು ಕೇಳಿದರೆ ಭಾಗಿಸಿ ಬಂದದ್ದು, ನೇರವಾಗಿ ಕೇಳಿದರೆ 4.6.

ಈ ಪುಸ್ತಕದಲ್ಲಿ ಒಂದು ತೂತೂ ಇದೆ. ನೀಟ್ ಪಠ್ಯಕ್ರಮ 2024ರ ಪರೀಕ್ಷೆಗೆ ಪರಿಷ್ಕರಣೆಯಾದಾಗ ಸಸ್ಯ ಕುಟುಂಬಗಳಲ್ಲಿ ಮಾಲ್ವೇಸಿ, ಕ್ರುಸಿಫೆರೆ, ಲೆಗ್ಯುಮಿನೋಸೆ, ಕಾಂಪೋಸಿಟೆ, ಗ್ರ್ಯಾಮಿನೆ ಹೆಸರುಗಳು ಬಂದವು. ಹೊಸ ಎನ್‌ಸಿಇಆರ್‌ಟಿಯಲ್ಲಿ ವಿವರವಾಗಿ ಇರುವುದು ಸೊಲನೇಸಿ, ಅಂದರೆ ಬದನೆ-ಟೊಮೆಟೊ ಕುಟುಂಬ. ಹಳೆಯದರಲ್ಲಿ ಫ್ಯಾಬೇಸಿ, ಲಿಲಿಯೇಸಿಯೂ ಇದ್ದವು. ಮಾಲ್ವೇಸಿ ಎರಡರಲ್ಲೂ ಇಲ್ಲ. ಇದಕ್ಕೆ ದುಡ್ಡು ಕೊಟ್ಟು ನೋಟ್ಸ್ ತರಬೇಕಾಗಿಲ್ಲ, ಅಂಗಳದ ದಾಸವಾಳ ಸಾಕು. ಒಂದೇ ಎಚ್ಚರ: ಮುದ್ದೆ ದಾಸವಾಳ ಬೇಡ, ಅದರಲ್ಲಿ ಕೇಸರಗಳು ಎಸಳಾಗಿ ಮಾರ್ಪಟ್ಟಿರುತ್ತವೆ, ಎಣಿಕೆ ಹಾಳಾಗುತ್ತದೆ. ಐದೆಸಳಿನ ಕೆಂಪು ದಾಸವಾಳ ಕೊಯ್ದು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಹಸಿರು ಪುಷ್ಪಪಾತ್ರೆಯ ಹೊರಗೆ ಸಣ್ಣ ಎಲೆಗಳ ಇನ್ನೊಂದು ಸುತ್ತು ಕಾಣುತ್ತದೆ, ಅದು ಎಪಿಕ್ಯಾಲಿಕ್ಸ್. ಒಳಗೆ ಒಂದಕ್ಕೊಂದು ಅಂಟಿದ ಐದು ಪುಷ್ಪಪತ್ರ. ಎಸಳುಗಳು ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಹೊದ್ದು ತಿರುಚಿಕೊಂಡಿರುತ್ತವೆ. ಇದನ್ನು ಅರಳಿದ ಹೂವಿಗಿಂತ ಮೊಗ್ಗಿನಲ್ಲಿ ನೋಡಿದರೆ ಚೆನ್ನ. ಕೇಸರಗಳೆಲ್ಲ ಕೂಡಿ ಒಂದೇ ಕೊಳವೆ, ಅದರ ನಡುವಿನಿಂದ ಶಲಾಕೆ ಹಾದು ಹೊರಬಂದು ಐದು ಕವಲಾಗುತ್ತದೆ. ಅಂಡಾಶಯವನ್ನು ಅಡ್ಡ ಕೊಯ್ದರೆ ಐದು ಕೋಣೆ, ಬೀಜಾಂಡಗಳು ನಡುಗಂಬಕ್ಕೆ ಅಂಟಿಕೊಂಡಿರುತ್ತವೆ. ಕಾಂಪೋಸಿಟೆಗೆ ಸೂರ್ಯಕಾಂತಿ, ಕ್ರುಸಿಫೆರೆಗೆ ಸಾಸಿವೆ, ಗ್ರ್ಯಾಮಿನೆಗೆ ಗದ್ದೆಯ ಭತ್ತ, ಲೆಗ್ಯುಮಿನೋಸೆಗೆ ಅಲಸಂದೆ. ಐದು ಹೂ, ಐದು ಸಂಜೆ.

(ಹಳೆಯ ಪ್ರಥಮ ವರ್ಷದ ಪುಸ್ತಕ ಉಸಿರಾಟದ ಬೇರಿಗೆ ರೈಜೋಫೊರಾದ ಉದಾಹರಣೆ ಕೊಟ್ಟಿತ್ತು. ಅಘನಾಶಿನಿ ಹಿನ್ನೀರಿನಲ್ಲಿ ಕಾಂಡ್ಲ ನೋಡಿ ಬೆಳೆದ ಕುಮಟೆಯ ಮಕ್ಕಳಿಗೆ ರೈಜೋಫೊರಾ ಅಂದರೆ ಕಮಾನಿನಂತೆ ಬಾಗಿದ ಆಸರೆ ಬೇರು. ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಮೇಲೇಳುವುದು ಅವಿಸೀನಿಯಾದ್ದು. ಕಣ್ಣಾರೆ ಕಂಡದ್ದೇ ಸರಿ. ಆದರೆ ಪರೀಕ್ಷೆಯ ಕೀ ಉತ್ತರ ಪುಸ್ತಕದ ಕಡೆಗಿರುತ್ತದೆ.)

ರಸಾಯನಶಾಸ್ತ್ರಕ್ಕೆ ಬಂದರೆ ಹೊಗಳಿಕೆ ನಿಲ್ಲುತ್ತದೆ. ಪುಸ್ತಕ ಕೆಟ್ಟದ್ದಲ್ಲ, ಕತ್ತರಿ ಬಿದ್ದದ್ದು ಜಾಸ್ತಿ. ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಪ್ರಥಮ ವರ್ಷದ 14 ಘಟಕ 9ಕ್ಕೆ, ದ್ವಿತೀಯದ 16 ಘಟಕ 10ಕ್ಕೆ ಇಳಿದವು. ಹೋದದ್ದರಲ್ಲಿ ಪಿ-ಬ್ಲಾಕ್ ಪಾಠಗಳೂ ಸೇರಿವೆ. ನೀಟ್ ಮತ್ತು ಜೆಇಇ ಮೇನ್ ಎರಡೂ ಪಠ್ಯಕ್ರಮದಲ್ಲಿ ಪಿ-ಬ್ಲಾಕ್, ಅಂದರೆ ಆವರ್ತ ಕೋಷ್ಟಕದ 13ರಿಂದ 18ರವರೆಗಿನ ಗುಂಪುಗಳು, ಇನ್ನೂ ಕೂತಿವೆ. ಕಾಲೇಜಿನಲ್ಲಿ ಪಾಠವಿಲ್ಲ, ಪುಸ್ತಕದಲ್ಲಿ ಪುಟವಿಲ್ಲ, ಪರೀಕ್ಷೆಯಲ್ಲಿ ಪ್ರಶ್ನೆ ಇದೆ. ಹೊಸ ಪುಸ್ತಕ ಒಂದನ್ನೇ ನಂಬಿದವರಿಗೆ ಇದು ಗೊತ್ತಾಗುವುದು ಮೊದಲ ಮಾದರಿ ಪರೀಕ್ಷೆಯಲ್ಲಿ.

ಪರಿಹಾರ ಸೀನಿಯರುಗಳ ಅಟ್ಟದ ಮೇಲಿದೆ. ಹಳೆಯ ಪ್ರಥಮ ವರ್ಷದ ಪುಸ್ತಕದ 11ನೇ ಘಟಕದಲ್ಲಿ 13 ಮತ್ತು 14ನೇ ಗುಂಪು, ಹಳೆಯ ದ್ವಿತೀಯ ವರ್ಷದ 7ನೇ ಘಟಕದಲ್ಲಿ 15ರಿಂದ 18. ಎರಡೂ ಬೇಕು, ಒಂದನ್ನೇ ಜೆರಾಕ್ಸ್ ಮಾಡಿಸಿ ಬರುವವರು ಬಹಳ. ಮುದ್ರಣದ ಇಸವಿ ಹುಡುಕುತ್ತ ಕೂರಬೇಡಿ, ಪರಿವಿಡಿ ನೋಡಿ. ದ್ವಿತೀಯದಲ್ಲಿ 16 ಘಟಕ ಇದ್ದರೆ ಹಳೆಯದು, 10 ಇದ್ದರೆ ಹೊಸದು. ಅಡ್ವಾನ್ಸ್ಡ್ ಬರೆಯುವವರು ಹಳೆಯದರ ಘನಸ್ಥಿತಿ ಮತ್ತು ಮೇಲ್ಮೈ ರಸಾಯನದ ಪಾಠಗಳನ್ನೂ ತೆಗೆಸಿಕೊಳ್ಳಿ, ಅದರ ಪಠ್ಯಕ್ರಮ ಬೇರೆಯೇ. ಸಿಇಟಿ ಮಾತ್ರ ಬರೆಯುವವರಿಗೆ ಇದ್ಯಾವುದೂ ಬೇಡ. 2024ರ ಏಪ್ರಿಲ್‌ನ ಸಿಇಟಿಯಲ್ಲಿ ಕೈಬಿಟ್ಟ ಪಾಠಗಳಿಂದ ಪ್ರಶ್ನೆ ಬಂದು ರಾಜ್ಯವಿಡೀ ಗದ್ದಲವಾಗಿ, ಕೊನೆಗೆ 50 ಪ್ರಶ್ನೆ ಬಿಟ್ಟು ಮೌಲ್ಯಮಾಪನ ಮಾಡಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಹಿಂದಿನ ವರ್ಷಗಳ ಸಿಇಟಿ ಪತ್ರಿಕೆ ಬಿಡಿಸುವಾಗ ಘನಸ್ಥಿತಿ, ಪಾಲಿಮರ್, ಲೋಹಗಳ ಬೇರ್ಪಡಿಕೆಯ ಪ್ರಶ್ನೆಗಳಿಗೆ ಮೊದಲೇ ಅಡ್ಡಗೆರೆ ಎಳೆದು, ಉಳಿದಷ್ಟಕ್ಕೆ ಅಂಕ ಲೆಕ್ಕ ಹಾಕಿ. ಇಲ್ಲವಾದರೆ 60ಕ್ಕೆ 41 ಬಂತೆಂದು ಮಗು ಸುಮ್ಮನೆ ಸಪ್ಪಗಾಗುತ್ತದೆ.

ಭೌತಶಾಸ್ತ್ರದ ಪುಸ್ತಕದ ವಿವರಣೆ ಒಳ್ಳೆಯದು, ಅಭ್ಯಾಸ ಕಡಿಮೆ. ಬಿಡಿಸಿ ತೋರಿಸಿದ ಉದಾಹರಣೆಗಳೇ ಇದರ ಜೀವ. ಅವನ್ನು ಕಥೆಯ ಹಾಗೆ ಓದಿಕೊಂಡು ಹೋದರೆ ಏನೂ ಉಳಿಯದು: ಉತ್ತರದ ಮೇಲೆ ಪೋಸ್ಟ್‌ಕಾರ್ಡ್ ಮುಚ್ಚಿ, ಬಿಡಿಸಿ, ಆಮೇಲೆ ತೆಗೆದು ಹೋಲಿಸಬೇಕು. ಹೊಸ ಆವೃತ್ತಿಯಲ್ಲಿ ಹಲವು ಪಾಠಗಳ ಹೆಚ್ಚುವರಿ ಅಭ್ಯಾಸಗಳು ಹೋಗಿವೆ, ಆ ಲೆಕ್ಕಗಳಿಗಾಗಿಯಾದರೂ ಹಳೆಯ ಪ್ರತಿ ಇಟ್ಟುಕೊಳ್ಳುವುದು ಲೇಸು. ಇದರ ಮೇಲೆ ಎನ್‌ಸಿಇಆರ್‌ಟಿಯದೇ ಎಕ್ಸೆಂಪ್ಲರ್ ಎಂಬ ಅಭ್ಯಾಸ ಪ್ರಶ್ನೆಗಳ ಪುಸ್ತಕ ಇದೆ, ಜಾಲತಾಣದಲ್ಲಿ ಪುಕ್ಕಟೆ.

ಮರೆತೇ ಹೋಗುವ ಇನ್ನೊಂದು ಭಾಗ ಪ್ರಯೋಗ. ನೀಟ್ ಮತ್ತು ಜೆಇಇ ಮೇನ್ ಭೌತಶಾಸ್ತ್ರದ ಕೊನೆಯಲ್ಲಿ ಪ್ರಾಯೋಗಿಕ ಕೌಶಲ ಎಂಬ ಘಟಕವಿದೆ. ಅದು ಈ 13 ಪುಸ್ತಕಗಳಲ್ಲಿ ಪಾಠವಾಗಿ ಎಲ್ಲೂ ಇಲ್ಲ, ಲ್ಯಾಬ್ ಮ್ಯಾನುಯಲ್‌ನಲ್ಲಿದೆ. ಪಿಯುನಲ್ಲಿ ಪ್ರಾಯೋಗಿಕಕ್ಕೆ 30 ಅಂಕ ಹೇಗೂ ಬರುತ್ತದೆಂದು ಲ್ಯಾಬಿನಲ್ಲಿ ಪಕ್ಕದವರ ರೀಡಿಂಗ್ ಬರೆದುಕೊಂಡವರು ಸಿಕ್ಕಿಬೀಳುವುದು ಇಲ್ಲಿ. ಸ್ಕ್ರೂ ಗೇಜನ್ನೇ ನೋಡಿ. ಪಿಚ್ 1 ಮಿ.ಮೀ., ತಲೆಯ ಮೇಲೆ 100 ಗೆರೆ, ಹಾಗಾಗಿ ಕನಿಷ್ಠ ಅಳತೆ 0.01 ಮಿ.ಮೀ. ತಂತಿ ಇಟ್ಟಾಗ 2 ಮಿ.ಮೀ. ಮತ್ತು 45ನೇ ಗೆರೆ, ಅಂದರೆ 2.45. ಖಾಲಿ ಮುಚ್ಚಿದಾಗ ವೃತ್ತದ ಸೊನ್ನೆ ಆಧಾರಗೆರೆಯನ್ನು ದಾಟದೆ ಹಿಂದೆಯೇ ಉಳಿದು 3ನೇ ಗೆರೆ ಸರಿಹೊಂದಿದರೆ ದೋಷ ಧನ, ಕಳೆಯಬೇಕು: 2.42. ಸೊನ್ನೆ ಗೆರೆ ದಾಟಿ 97ನೇ ಗೆರೆ ಬಂದರೆ ದೋಷ ಋಣ 3, ಕೂಡಬೇಕು: 2.48. 97 ಎಂದು ಓದಿ 0.97 ಕಳೆಯುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ, ನಾಲ್ಕು ಆಯ್ಕೆಗಳಲ್ಲಿ ಆ ತಪ್ಪು ಉತ್ತರವೂ ತಯಾರಾಗಿ ಕಾದಿರುತ್ತದೆ.

ಈ ಸೆಟ್‌ನ ನಿಜವಾದ ದೋಷ ಯಾವುದೇ ಒಂದು ಪುಸ್ತಕದೊಳಗಿಲ್ಲ, ಪುಸ್ತಕಗಳ ನಡುವೆ ಇದೆ. ಭೌತಶಾಸ್ತ್ರದ 2ನೇ ಅಧ್ಯಾಯ, ಸರಳರೇಖೆಯ ಚಲನೆ, ಕಾಲೇಜು ಶುರುವಾದ ಕೆಲವೇ ವಾರಗಳಲ್ಲಿ ಅವಕಲನ (ಡಿಫರೆನ್ಸಿಯೇಶನ್) ಕೇಳುತ್ತದೆ. ಗಣಿತದಲ್ಲಿ ಮಿತಿ ಮತ್ತು ಅವಕಲನ ಬರುವುದು 12ನೇ ಅಧ್ಯಾಯದಲ್ಲಿ, ವರ್ಷ ಮುಗಿಯುವ ಹೊತ್ತಿಗೆ. ಭೌತಶಾಸ್ತ್ರದ 3ನೇ ಅಧ್ಯಾಯಕ್ಕೆ ಸದಿಶ (ವೆಕ್ಟರ್) ಬೇಕು, ಗಣಿತದ ಸದಿಶ ದ್ವಿತೀಯ ವರ್ಷದ 10ನೇ ಅಧ್ಯಾಯ. ರಸಾಯನದ ಪಿಎಚ್ ಲೆಕ್ಕಕ್ಕೆ ಲಾಗರಿದಮ್ ಬೇಕು, ಅದಕ್ಕೊಂದು ಅಧ್ಯಾಯ ಗಣಿತದಲ್ಲಿ ಇಲ್ಲವೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 95 ತೆಗೆದ ಮಗು ಜುಲೈನಲ್ಲಿ "ಫಿಸಿಕ್ಸ್ ತಲೆಗೆ ಹೋಗ್ತಿಲ್ಲ" ಅಂದರೆ ಬಹುತೇಕ ಸಲ ಅದು ಫಿಸಿಕ್ಸಿನ ತೊಂದರೆ ಅಲ್ಲ. ಅದರ ಮೇಲೆ ನಮ್ಮ ಕಡೆಯ ಮಳೆ ರಜೆ: ಜುಲೈನಲ್ಲಿ ಹೋದ ದಿನಗಳನ್ನು ತುಂಬಿಸಲು ಆಮೇಲೆ ಪಾಠ ಓಡುತ್ತದೆ, ಆ ಓಟಕ್ಕೆ ಸಿಗುವುದು ಕೆಲಸ-ಶಕ್ತಿ ಮತ್ತು ಆವರ್ತ ಚಲನೆಯಂಥ ಗಟ್ಟಿ ಪಾಠಗಳೇ.

ಹಾಗಾಗಿ ಮೇ ತಿಂಗಳಲ್ಲಿ, ಮನೆಯಲ್ಲಿ ಹಲಸಿನ ಹಪ್ಪಳ ಒಣಗುತ್ತಿರುವಾಗಲೇ, 15 ದಿನ ಇದಕ್ಕೆ ಕೊಡಿ. ಲಾಗರಿದಮ್‌ಗೆ 2 ದಿನ, 2, 3, 5, 7ರ ಲಾಗ್ ಬೆಲೆ (0.301, 0.477, 0.699, 0.845) ಬಾಯಲ್ಲಿರಲಿ, ಪ್ರವೇಶ ಪರೀಕ್ಷೆಯಲ್ಲಿ ಲಾಗ್ ಟೇಬಲ್ ಕೊಡುವುದಿಲ್ಲ. 2 × 10⁻³ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಕೇಳಿದರೆ 3ರಿಂದ 0.301 ಕಳೆದು 2.7 ಎಂದು ಕೈ ಓಡಬೇಕು. ಸದಿಶಕ್ಕೆ 4 ದಿನ: ಘಟಕಗಳಾಗಿ ಒಡೆಯುವುದು, ಕೂಡುವುದು, ಎರಡು ಬಗೆಯ ಗುಣಾಕಾರ. ಅವಕಲನಕ್ಕೆ 4, ಅನುಕಲನಕ್ಕೆ (ಇಂಟಿಗ್ರೇಶನ್) 4. ಘಾತ, ಸೈನ್, ಕೊಸೈನ್ ಇಷ್ಟೇ ಸಾಕು, ಸೂತ್ರಗಳ ಸಾಧನೆ ಬೇಡ. ಉಳಿದ ಒಂದು ದಿನ ನಕ್ಷೆ: ಇಳಿಜಾರು ಏನು ಹೇಳುತ್ತದೆ, ಕೆಳಗಿನ ವಿಸ್ತೀರ್ಣ ಏನು ಹೇಳುತ್ತದೆ. ಇನ್ನೂ ಎಂಟು-ಒಂಬತ್ತನೇ ತರಗತಿಯಲ್ಲಿರುವ ಮಕ್ಕಳಿಗೆ 'ಫೌಂಡೇಶನ್' ಹೆಸರಿನಲ್ಲಿ ಪಿಯು ಪಾಠ ತುರುಕುವುದು ನನಗೆ ಒಪ್ಪಿಗೆಯಿಲ್ಲ. ಬೀಜಗಣಿತದ ಚಿಹ್ನೆ ತಪ್ಪದಿದ್ದರೆ, ಭಿನ್ನರಾಶಿಯಲ್ಲಿ ಕೈ ತಡವರಿಸದಿದ್ದರೆ ಅಷ್ಟೇ ಫೌಂಡೇಶನ್.

ಗಣಿತದ ಪುಸ್ತಕ ಸಿಇಟಿಗೆ ಚೊಕ್ಕ. ಜೆಇಇಗೆ ಸೋರುತ್ತದೆ. ದ್ವಿಪದ ಪ್ರಮೇಯದಲ್ಲಿ ಸಾಮಾನ್ಯ ಪದ, ಮಧ್ಯ ಪದದ ಭಾಗವನ್ನೇ ತೆಗೆದಿದ್ದಾರೆ. ಜೆಇಇ ಕೇಳುವುದು ಅದನ್ನೇ. ವೃತ್ತಕ್ಕೆ ಸಿಕ್ಕಿರುವುದು ಶಂಕುಜಗಳ ಪಾಠದಲ್ಲಿ ಒಂದು ಮೂಲೆ. ಇದಕ್ಕೆ ಪರೀಕ್ಷೆ ನಡೆಸುವ ಎನ್‌ಟಿಎಯ ಜಾಲತಾಣದಲ್ಲಿ ಕೀ ಉತ್ತರದೊಂದಿಗೆ ಸಿಗುವ ಜೆಇಇ ಮೇನ್ ಹಳೆಯ ಪತ್ರಿಕೆಗಳೇ ಮದ್ದು. ಐಎಟಿ ಮಾತ್ರ ಈ ಸೆಟ್‌ಗೆ ಹೇಳಿ ಮಾಡಿಸಿದ ಹಾಗಿದೆ: ನಾಲ್ಕೂ ವಿಷಯಕ್ಕೆ 15ರಂತೆ 60 ಪ್ರಶ್ನೆ, ಮೂರು ತಾಸು, 240 ಅಂಕ. ಪಿಸಿಎಂಬಿಯ ನಾಲ್ಕನ್ನೂ ಸಮನಾಗಿ ಓದಿದವರಿಗೆ ಲಾಭ. ನಮ್ಮ ಕಡೆ ಇದರ ಅರ್ಜಿ ಹಾಕುವವರೇ ಕಡಿಮೆ.

ಪುಸ್ತಕ ಕಲಿಸದ ವಿದ್ಯೆಯೆಂದರೆ ವೇಗ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಕಡಿತವಿಲ್ಲ. ಓಎಂಆರ್ ಉತ್ತರ ಹಾಳೆಯಲ್ಲಿ ಒಂದು ಗುಂಡಿಯೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, ಸರಿಗೆ 4, ತಪ್ಪಿಗೆ 1 ಕಡಿತ. ಒಂದು ಗುಂಡಿ ತುಂಬಲು 4-5 ಸೆಕೆಂಡ್ ಎಂದರೂ 180ಕ್ಕೆ 12ರಿಂದ 15 ನಿಮಿಷ ಅದಕ್ಕೇ ಹೋಗುತ್ತದೆ. ಕೊನೆಗೆ ಒಟ್ಟಿಗೆ ತುಂಬುತ್ತೇನೆಂದು ಇಟ್ಟುಕೊಂಡರೆ ಒಂದು ಸಾಲು ತಪ್ಪಿ ಮುಂದಿನ ಅಷ್ಟೂ ಉತ್ತರ ಜಾರುತ್ತವೆ. ಪುಟ ಮುಗಿದ ಹಾಗೆ ತುಂಬುವ ರೂಢಿಯಾಗಲಿ. ಜೀವಶಾಸ್ತ್ರ 45 ನಿಮಿಷಕ್ಕೆ ಮುಗಿದರೆ ರಸಾಯನಕ್ಕೆ 50, ಭೌತಶಾಸ್ತ್ರಕ್ಕೆ 70 ಉಳಿಯುತ್ತದೆ, ಮೇಲೆ 15 ನಿಮಿಷ ಕೈಯಲ್ಲಿ. ಮನೆಯ ಅಭ್ಯಾಸಕ್ಕೆ ಓಎಂಆರ್ ಹಾಳೆ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ, ಆದರೆ ಮಳೆಗಾಲದಲ್ಲಿ ಮುಚ್ಚಳವಿರುವ ಡಬ್ಬದಲ್ಲಿಡಿ. ಶಿರಸಿ-ಸಿದ್ದಾಪುರದ ಆಗಸ್ಟಿನಲ್ಲಿ ಹೊರಗಿಟ್ಟ ಹಾಳೆ ತೇವ ಹೀರಿ, ಬಾಲ್‌ಪೆನ್ ಒತ್ತಿದರೆ ಹಿಂಬದಿಗೆ ಇಳಿಯುತ್ತದೆ. ಜೆಇಇ ಮೇನ್ ಕಂಪ್ಯೂಟರಿನಲ್ಲಿ, 75 ಪ್ರಶ್ನೆಗೆ ಮೂರು ತಾಸು. ಮೊಬೈಲಿನಲ್ಲಿ ಅಭ್ಯಾಸ ಮಾಡಿದವರಿಗೆ ಮೌಸ್ ಹಿಡಿದು, ರಫ್ ಹಾಳೆಯಲ್ಲಿ ಬರೆದು, ತಲೆ ಎತ್ತಿ ಪರದೆ ನೋಡುವ ಆಟವೇ ಹೊಸದು. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಕೇಳಿ, ನಾಲ್ಕು ಭಾನುವಾರ ಸಾಕು.

ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಪಿಯು ಅಂಕವೂ ಅರ್ಧ ತೂಗುತ್ತದೆ ಎನ್ನುವುದನ್ನು ಟಿಕ್ ಹೊಡೆಯುವ ಅಭ್ಯಾಸದಲ್ಲಿ ಮುಳುಗಿದವರು ಮರೆಯುತ್ತಾರೆ. ಬೋರ್ಡಿಗೆ ಬೇಕಾದ ಸಾಧನೆ, ಚಿತ್ರ, ಹೆಸರಿಸುವಿಕೆ ಎಲ್ಲ ಈ ಪುಸ್ತಕಗಳಲ್ಲೇ ಇದೆ. ಕೋಚಿಂಗ್ ಮಾಡ್ಯೂಲ್‌ಗಳಲ್ಲಿ ಅದು ಸಿಗುವುದು ಕಷ್ಟ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ನೀಟ್, ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು, ಅಡ್ವಾನ್ಸ್ಡ್ ಇಂಗ್ಲಿಷ್-ಹಿಂದಿ ಮಾತ್ರ. ನೀಟ್ ಕನ್ನಡ ಆರಿಸಿದರೆ ಇಂಗ್ಲಿಷ್ ಕೂಡ ಜೊತೆಗಿರುತ್ತದೆ, ಎರಡಕ್ಕೂ ವ್ಯತ್ಯಾಸ ಬಂದರೆ ಇಂಗ್ಲಿಷಿನದೇ ಅಂತಿಮ. ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿ ಪರೀಕ್ಷೆಯಲ್ಲಿ ಒಮ್ಮೆಲೇ 'ವೇಗೋತ್ಕರ್ಷ', 'ಅಪಕರ್ಷಣ' ಓದಿದರೆ ತಡೆಯುತ್ತದೆ. ಪುಸ್ತಕದ ಅಂಚಿನಲ್ಲೇ ಪೆನ್ಸಿಲಿನಿಂದ ಕನ್ನಡ ಪದ ಬರೆದುಕೊಳ್ಳುತ್ತ ಹೋದರೆ ಮೊದಲ ಆರು ತಿಂಗಳಲ್ಲಿ ಎರಡೂ ಕಡೆ ಕಾಲು ಊರುತ್ತದೆ. ಇದೇ ಮಕ್ಕಳಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಕನ್ನಡ ಮಾಧ್ಯಮದ 5%, ಗ್ರಾಮೀಣದ 15% ಮೀಸಲು ಇದೆ. ಎರಡಕ್ಕೂ 1ರಿಂದ 10ರವರೆಗಿನ ಓದಿನ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ರುಜು ಬೇಕು. ಮೂರು ಶಾಲೆ ಬದಲಿಸಿದವರು ಮೂರೂ ಕಡೆ ಅಲೆಯಬೇಕು, ಏಪ್ರಿಲ್‌ಗೆ ಕಾಯಬೇಡಿ. ಹೆಸರಿನ ಇಂಗ್ಲಿಷ್ ಕಾಗುಣಿತ ಆಧಾರಿನಲ್ಲಿ 'ಹೆಗ್ಡೆ', ಅಂಕಪಟ್ಟಿಯಲ್ಲಿ 'ಹೆಗಡೆ' ಆಗಿದ್ದರೆ ಪ್ರಥಮ ಪಿಯುನಲ್ಲಿರುವಾಗಲೇ ಸರಿಮಾಡಿಸಿ. ನಮ್ಮ ಜಿಲ್ಲೆಯಲ್ಲಿ ಇದು ಭಟ್, ನಾಯ್ಕರಿಗೂ ತಪ್ಪಿದ್ದಲ್ಲ.

ನನ್ನ ಅಂಕ, 5ಕ್ಕೆ: ಜೀವಶಾಸ್ತ್ರ ನಾಲ್ಕೂವರೆ. ಭೌತಶಾಸ್ತ್ರ ಮೂರೂವರೆ. ರಸಾಯನ ಹೊಸದಕ್ಕೆ ಎರಡೂವರೆ, ಹಳೆಯದರ ಜೊತೆ ಸೇರಿಸಿದರೆ ನಾಲ್ಕು. ಗಣಿತ ಸಿಇಟಿಗೆ ನಾಲ್ಕು, ಜೆಇಇಗೆ ಎರಡು.

ಕೊಳ್ಳುವಾಗ ಪುಟವನ್ನು ಬೆಳಕಿಗೆ ಹಿಡಿಯಿರಿ. ಅಸಲಿ ಎನ್‌ಸಿಇಆರ್‌ಟಿಯ ಕಾಗದದಲ್ಲಿ ಅದರ ಮುದ್ರೆಯ ನೀರಚ್ಚು ಕಾಣುತ್ತದೆ. ನಕಲಿಯಲ್ಲಿ ಅದಿಲ್ಲದಿರುವುದಷ್ಟೇ ಅಲ್ಲ, ಚಿತ್ರಗಳೂ ಮಸುಕು. ಎಲ್ಲ ಪುಸ್ತಕದ ಪಿಡಿಎಫ್ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಪುಕ್ಕಟೆ ಇರುವುದರಿಂದ ದುಡ್ಡು ಉಳಿಸಬೇಕೆಂದರೆ ಗಣಿತವನ್ನು ಪ್ರಿಂಟ್ ತೆಗೆಸಿ, ನಷ್ಟವಿಲ್ಲ. ಜೀವಶಾಸ್ತ್ರದ ಎರಡನ್ನು ಮಾತ್ರ ಮುದ್ರಿತ ಪ್ರತಿಯನ್ನೇ ಕೊಳ್ಳಿ. ಜೆರಾಕ್ಸಿನ ಕಪ್ಪು-ಬಿಳುಪಿನಲ್ಲಿ ಕಾಂಡದ ಅಡ್ಡಸೀಳಿಕೆಯ ಕ್ಸೈಲಂ ಯಾವುದು, ಫ್ಲೋಯಂ ಯಾವುದು ಎಂದು ಬಿಡಿಸಿ ಹೇಳುವುದು ಮೇಷ್ಟ್ರಿಗೂ ಕಷ್ಟ.